ಪ್ರವೇಶ ನಿರ್ಣಯದ ಅಧಿಕಾರ: ಕರ್ನಾಟಕದ ವೃತ್ತಿಶಿಕ್ಷಣ ಮತ್ತು ಸ್ನಾತಕೋತ್ತರ ಶಿಕ್ಷಣದಲ್ಲಿ ಆಯ್ಕೆಯ ಚರಿತ್ರೆ

ಉನ್ನತ ಶಿಕ್ಷಣದ ಚರಿತ್ರೆ ಸಾಮಾನ್ಯವಾಗಿ ವಿಶ್ವವಿದ್ಯಾನಿಲಯಗಳ ಸ್ಥಾಪನೆ, ವಿಭಾಗಗಳ ಬೆಳವಣಿಗೆ, ಪಠ್ಯಕ್ರಮದ ಪರಿಷ್ಕರಣೆ ಹಾಗೂ ವಿದ್ವಾಂಸರ ಸಾಧನೆಗಳ ಚರಿತ್ರೆಯಾಗಿ ರಚಿತವಾಗುತ್ತದೆ. ಇವೆಲ್ಲಕ್ಕೂ ಮೊದಲು ನಡೆಯುವ ಒಂದು ಕ್ರಿಯೆಯಿದೆ. ಅದು ಪ್ರವೇಶ ನಿರ್ಣಯ. ಹತ್ತು ಸ್ಥಾನಗಳಿಗೆ ನೂರು ಮಂದಿ ಅರ್ಜಿ ಸಲ್ಲಿಸಿದಾಗ ಯಾವ ಹತ್ತು ಮಂದಿಯನ್ನು ಸೇರಿಸಿಕೊಳ್ಳಬೇಕು, ಉಳಿದ ತೊಂಬತ್ತು ಮಂದಿಯನ್ನು ಯಾವ ಕಾರಣಕ್ಕಾಗಿ ಹಿಂದಕ್ಕೆ ಕಳುಹಿಸಬೇಕು ಎಂಬ ತೀರ್ಮಾನವೇ ಮುಂದಿನ ತಲೆಮಾರಿನ ವೈದ್ಯರು, ಎಂಜಿನಿಯರುಗಳು, ಅಧ್ಯಾಪಕರು ಯಾರಾಗುತ್ತಾರೆ ಎಂಬುದನ್ನು ನಿಶ್ಚಯಿಸುತ್ತದೆ.

ಈ ಚರಿತ್ರೆಯಲ್ಲಿ ಕರ್ನಾಟಕಕ್ಕೆ ವಿಶೇಷವಾದ ಸ್ಥಾನವಿದೆ. ಪ್ರವೇಶ ನಿರ್ಣಯದ ಬಗ್ಗೆ ದೇಶದ ಸರ್ವೋಚ್ಚ ನ್ಯಾಯಾಲಯ ನೀಡಿದ ಪ್ರಮುಖ ತೀರ್ಪುಗಳಲ್ಲಿ ಹಲವು ಈ ರಾಜ್ಯದಿಂದಲೇ ಹೊರಟವು. 1962ರ ಬಾಲಾಜಿ, 1964ರ ಚಿತ್ರಲೇಖಾ, 1992ರ ಮೋಹಿನಿ ಜೈನ್, 2002ರ ಟಿ.ಎಂ.ಎ. ಪೈ ಪ್ರತಿಷ್ಠಾನ, 2014ರ ವಿಶಾಲ್ ಗೋಯಲ್ ಪ್ರಕರಣಗಳಲ್ಲಿ ತನ್ನ ಕ್ರಮವನ್ನು ಸಮರ್ಥಿಸಿಕೊಳ್ಳಬೇಕಾಗಿ ಬಂದದ್ದು ಈ ರಾಜ್ಯವೇ. ಈ ತೀರ್ಪುಗಳನ್ನು ಮೀಸಲಾತಿಯ ಚರಿತ್ರೆಯ ಭಾಗವಾಗಿ, ಇಲ್ಲವೆ ಶಿಕ್ಷಣದ ಖಾಸಗೀಕರಣದ ಚರಿತ್ರೆಯ ಭಾಗವಾಗಿ ಓದುವುದು ವಾಡಿಕೆ. ಇವನ್ನು ಒಟ್ಟಿಗೆ ಇರಿಸಿ, ಆಯ್ಕೆಯ ಅಧಿಕಾರ ಯಾರ ಕೈಯಲ್ಲಿತ್ತು ಎಂಬ ಒಂದೇ ಪ್ರಶ್ನೆಯನ್ನು ಕೇಳಿದರೆ ಬೇರೊಂದು ಚಿತ್ರ ಮೂಡುತ್ತದೆ. ಪ್ರತಿಯೊಂದು ಹೊಸ ಪದ್ಧತಿಯೂ ಹಿಂದಿನ ಪದ್ಧತಿಯ ದೋಷವನ್ನು ನಿವಾರಿಸಲೆಂದು ಬಂದಿತು. ಆದರೆ ಆಯ್ಕೆ ಮಾಡುವವರ ವಿವೇಚನಾಧಿಕಾರವನ್ನು ಅದು ಇಲ್ಲವಾಗಿಸಲಿಲ್ಲ. ಅದರ ನೆಲೆಯನ್ನು ಮಾತ್ರ ಬದಲಿಸಿತು. ಸರ್ಕಾರದ ಆದೇಶ, ಸಂದರ್ಶನ ಸಮಿತಿ, ಆಡಳಿತ ಮಂಡಳಿಯ ಕೊಠಡಿ, ಪರೀಕ್ಷಾ ಪ್ರಾಧಿಕಾರದ ಸೂತ್ರ ಎಂಬ ನಾಲ್ಕು ನೆಲೆಗಳಲ್ಲಿ ಈ ಅಧಿಕಾರ ಸಾಗಿಬಂದ ಬಗೆಯನ್ನು ಇಲ್ಲಿ ಪರಿಶೀಲಿಸಲಾಗಿದೆ.

ಕೊರತೆಯ ಕಾಲ ಮತ್ತು ಸರ್ಕಾರದ ಆದೇಶ

ಮೈಸೂರು ವಿಶ್ವವಿದ್ಯಾನಿಲಯ 1916ರ ಜುಲೈ 27ರಂದು ಸ್ಥಾಪಿತವಾಯಿತು. ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು 1917ರಲ್ಲಿ ಆರಂಭವಾಯಿತು. 1924ರಲ್ಲಿ ಬೆಂಗಳೂರಿನಲ್ಲಿ ಪ್ರಾರಂಭವಾದ ವೈದ್ಯಕೀಯ ಕಾಲೇಜು 1930ರಲ್ಲಿ ಮೈಸೂರಿಗೆ ಸ್ಥಳಾಂತರಗೊಂಡಿತು. ಬೆಂಗಳೂರು ವೈದ್ಯಕೀಯ ಕಾಲೇಜು 1955ರಲ್ಲಿ, ಹುಬ್ಬಳ್ಳಿಯ ಕಾಲೇಜು 1957ರಲ್ಲಿ ತಲೆಯೆತ್ತುವವರೆಗೆ ಸರ್ಕಾರಿ ವೈದ್ಯಕೀಯ ಶಿಕ್ಷಣಕ್ಕೆ ಹಳೆಯ ಮೈಸೂರಿನ ವಿದ್ಯಾರ್ಥಿಗೆ ಇದ್ದ ದಾರಿ ಒಂದೇ. ಸ್ಥಾನಗಳ ಈ ಕೊರತೆಯನ್ನು ನೆನಪಿನಲ್ಲಿ ಇಟ್ಟುಕೊಳ್ಳದೆ ಮುಂದಿನ ವಿವಾದಗಳ ತೀವ್ರತೆ ಅರ್ಥವಾಗುವುದಿಲ್ಲ.

ಅವಕಾಶಗಳ ಹಂಚಿಕೆಯಲ್ಲಿ ಸರ್ಕಾರ ನೇರವಾಗಿ ಕೈಹಾಕಬೇಕೆಂಬ ವಿಚಾರ ಮೈಸೂರಿಗೆ ಹೊಸದಾಗಿರಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ನೇಮಿಸಿದ ಸಮಿತಿ 1919ರಲ್ಲಿ ವರದಿ ಸಲ್ಲಿಸಿತು. ಏಳು ವರ್ಷಗಳೊಳಗೆ ಮೇಲ್ದರ್ಜೆಯ ಹುದ್ದೆಗಳಲ್ಲಿ ಅರ್ಧದಷ್ಟು, ಕೆಳದರ್ಜೆಯ ಹುದ್ದೆಗಳಲ್ಲಿ ಮೂರನೆಯ ಎರಡು ಭಾಗದಷ್ಟು ಹಿಂದುಳಿದ ಸಮುದಾಯಗಳಿಗೆ ದೊರೆಯಬೇಕೆಂಬುದು ಅದರ ಶಿಫಾರಸು. ಅದು ಮುಖ್ಯವಾಗಿ ನೌಕರಿಗೆ ಸಂಬಂಧಿಸಿದ್ದಾದರೂ ಪರೀಕ್ಷೆಯ ಅಂಕವೊಂದೇ ನ್ಯಾಯದ ಅಳತೆಗೋಲಲ್ಲ ಎಂಬ ತತ್ತ್ವವನ್ನು ಆಡಳಿತದಲ್ಲಿ ನೆಲೆಗೊಳಿಸಿತು. ಈ ನೀತಿಯನ್ನು ಒಪ್ಪದ ದಿವಾನ್ ವಿಶ್ವೇಶ್ವರಯ್ಯನವರು 1918ರ ಅಂತ್ಯದಲ್ಲಿ ಅಧಿಕಾರ ತ್ಯಜಿಸಿದ್ದು ಸುಪ್ರಸಿದ್ಧ. ಪ್ರತಿಭೆ ಮತ್ತು ಪ್ರಾತಿನಿಧ್ಯ ಎಂಬ ಎರಡು ವಾದಗಳು ಈ ನೆಲದಲ್ಲಿ ಮುಖಾಮುಖಿಯಾದದ್ದು ಹೀಗೆ, ಸಂವಿಧಾನಕ್ಕಿಂತ ಮೂರು ದಶಕ ಮೊದಲು.

ಇಂದಿನ ಕರ್ನಾಟಕದ ಮತ್ತೊಂದು ಭಾಗ ಆಗ ಮದರಾಸಿನ ಆಡಳಿತದಲ್ಲಿತ್ತು. 1953ರವರೆಗೆ ಬಳ್ಳಾರಿ, 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗಳು ಮದರಾಸಿಗೆ ಸೇರಿದ್ದವು. ಅಲ್ಲಿ ಜಾರಿಯಲ್ಲಿದ್ದ ಕೋಮುವಾರು ಆದೇಶದ ಪ್ರಕಾರ ವೃತ್ತಿ ಕಾಲೇಜುಗಳ ಪ್ರತಿ 14 ಸ್ಥಾನಗಳಲ್ಲಿ 6 ಬ್ರಾಹ್ಮಣೇತರ ಹಿಂದೂಗಳಿಗೆ, 2 ಹಿಂದುಳಿದ ಹಿಂದೂಗಳಿಗೆ, 2 ಬ್ರಾಹ್ಮಣರಿಗೆ, 2 ಹರಿಜನರಿಗೆ, 1 ಆಂಗ್ಲೋ-ಇಂಡಿಯನ್ ಹಾಗೂ ಭಾರತೀಯ ಕ್ರೈಸ್ತರಿಗೆ, 1 ಮುಸ್ಲಿಮರಿಗೆ ಮೀಸಲಾಗಿದ್ದವು. ಇಲ್ಲಿ ಆಯ್ಕೆ ಸಮಿತಿಗೆ ಉಳಿದಿದ್ದ ಕೆಲಸ ಕಡಿಮೆ. ಮುಖ್ಯವಾದ ನಿರ್ಣಯ ಆದೇಶದಲ್ಲಿಯೇ ಆಗಿಹೋಗಿತ್ತು. ಚಂಪಕಂ ದೊರೈರಾಜನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 1951ರ ಏಪ್ರಿಲ್ 9ರಂದು ಈ ಆದೇಶವನ್ನು ಅಸಿಂಧುವೆಂದು ಸಾರಿತು. ಎರಡು ತಿಂಗಳು ಕಳೆದ ಮೇಲೆ ಸಂವಿಧಾನದ ಮೊದಲನೆಯ ತಿದ್ದುಪಡಿಯ ಮೂಲಕ 15(4)ನೆಯ ಅನುಚ್ಛೇದ ಸೇರಿತು. ಸಾಮಾಜಿಕವಾಗಿ ಹಾಗೂ ಶೈಕ್ಷಣಿಕವಾಗಿ ಹಿಂದುಳಿದ ವರ್ಗಗಳಿಗೆ ವಿಶೇಷ ಅವಕಾಶ ಕಲ್ಪಿಸುವ ಅಧಿಕಾರ ರಾಜ್ಯಗಳಿಗೆ ದೊರೆಯಿತು. ಯಾರು ಹಿಂದುಳಿದವರು, ಎಷ್ಟು ಸ್ಥಾನಗಳು ಎಂಬ ಪ್ರಶ್ನೆಗಳು ಹಾಗೆಯೇ ಉಳಿದವು.

ಬಾಲಾಜಿ ಪ್ರಕರಣ: ಪ್ರಮಾಣದ ಮಿತಿ

ಈ ಪ್ರಶ್ನೆಗಳಿಗೆ ಮೈಸೂರು ಸರ್ಕಾರ 1958 ಮತ್ತು 1962ರ ನಡುವೆ ನೀಡಿದ ಉತ್ತರಗಳು ಒಂದರ ಹಿಂದೆ ಒಂದು ನ್ಯಾಯಾಲಯದ ಮೆಟ್ಟಿಲೇರಿದವು. 1958ರ ಜುಲೈ 26ರ ಆದೇಶ ಬ್ರಾಹ್ಮಣರನ್ನು ಹೊರತುಪಡಿಸಿ ಉಳಿದ ಎಲ್ಲ ಸಮುದಾಯಗಳನ್ನೂ ಹಿಂದುಳಿದವೆಂದು ಪರಿಗಣಿಸಿ ಶೇ. 75ರಷ್ಟು ಸ್ಥಾನಗಳನ್ನು ಮೀಸಲಿಟ್ಟಿತು. ಮೈಸೂರು ಉಚ್ಚ ನ್ಯಾಯಾಲಯದಲ್ಲಿ ಈ ನೀತಿ ನಿಲ್ಲಲಿಲ್ಲ. ಅನಂತರ 1960ರಲ್ಲಿ ಡಾ. ಆರ್. ನಾಗನಗೌಡರ ಅಧ್ಯಕ್ಷತೆಯ ಸಮಿತಿ ನೇಮಕಗೊಂಡು 1961ರ ಮೇ ತಿಂಗಳಲ್ಲಿ ಅಂತಿಮ ವರದಿ ನೀಡಿತು.

ಈ ಸಮಿತಿಯ ವಿಧಾನ ಗಮನಾರ್ಹವಾದುದು. ಪ್ರೌಢಶಾಲೆಯ ಕೊನೆಯ ಮೂರು ತರಗತಿಗಳಲ್ಲಿ ಓದುತ್ತಿದ್ದ ವಿದ್ಯಾರ್ಥಿಗಳು ಆಯಾ ಸಮುದಾಯದ ಸಾವಿರ ಜನರಿಗೆ ಎಷ್ಟು ಮಂದಿ ಎಂಬ ಲೆಕ್ಕ ಹಾಕಲಾಯಿತು. ರಾಜ್ಯದ ಸರಾಸರಿ ಸಾವಿರಕ್ಕೆ 6.9 ಎಂದು ಕಂಡುಬಂತು. ಆ ಸರಾಸರಿಗಿಂತ ಕೆಳಗಿರುವವರು ಹಿಂದುಳಿದವರು, ಅದರ ಅರ್ಧಕ್ಕಿಂತ ಕೆಳಗಿರುವವರು ಹೆಚ್ಚು ಹಿಂದುಳಿದವರು ಎಂಬುದು ಸೂತ್ರದ ಸಾರ. ಪ್ರವೇಶ ನಿರ್ಣಯದ ಹಿಂದೆ ಅಂಕಿಅಂಶದ ಆಧಾರವಿರಬೇಕೆಂಬ ಪ್ರಯತ್ನ ಇಲ್ಲಿ ಸ್ಪಷ್ಟವಾಗಿದೆ.

1962ರ ಜುಲೈ 31ರ ಆದೇಶದಲ್ಲಿ ಹಿಂದುಳಿದವರಿಗೆ ಶೇ. 28, ಹೆಚ್ಚು ಹಿಂದುಳಿದವರಿಗೆ ಶೇ. 22, ಪರಿಶಿಷ್ಟ ಜಾತಿಗಳಿಗೆ ಶೇ. 15, ಪರಿಶಿಷ್ಟ ಪಂಗಡಗಳಿಗೆ ಶೇ. 3ರಂತೆ ಒಟ್ಟು ಶೇ. 68ರಷ್ಟು ಸ್ಥಾನಗಳು ಮೀಸಲಾದವು. ಸಾಮಾನ್ಯ ಅರ್ಹತೆಗೆ ಉಳಿದದ್ದು ಶೇ. 32. ಎಂ.ಆರ್. ಬಾಲಾಜಿ ಮತ್ತಿತರರ ಅರ್ಜಿಗಳ ಮೇಲೆ ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠ ಅದೇ ವರ್ಷದ ಸೆಪ್ಟೆಂಬರ್ 28ರಂದು ತೀರ್ಪು ನೀಡಿತು. ಪೀಠದ ಪರವಾಗಿ ನ್ಯಾಯಮೂರ್ತಿ ಗಜೇಂದ್ರಗಡ್ಕರ್ ಬರೆದ ತೀರ್ಪಿನಲ್ಲಿ ಮೂರು ಅಂಶಗಳು ಮುಖ್ಯವಾದವು. ಹಿಂದುಳಿದಿರುವಿಕೆಯನ್ನು ನಿರ್ಧರಿಸಲು ಜಾತಿಯೊಂದೇ ಆಧಾರವಾಗಲಾರದು. ರಾಜ್ಯದ ಸರಾಸರಿಗಿಂತ ಸ್ವಲ್ಪವೇ ಕೆಳಗಿರುವವರನ್ನು ಹಿಂದುಳಿದವರೆನ್ನಲಾಗದು, ಗಣನೀಯವಾಗಿ ಕೆಳಗಿರಬೇಕು. ಮೀಸಲಾತಿಯ ಪ್ರಮಾಣ ಸಾಮಾನ್ಯವಾಗಿ ಶೇ. 50ಕ್ಕಿಂತ ಕಡಿಮೆಯಿರಬೇಕು. ಇಂದಿಗೂ ದೇಶದ ಮೀಸಲಾತಿ ಚರ್ಚೆಯ ಕೇಂದ್ರದಲ್ಲಿರುವ ಶೇ. 50ರ ಮಿತಿ ಹೀಗೆ ಮೈಸೂರಿನ ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳ ಪ್ರವೇಶ ಪಟ್ಟಿಯಿಂದ ಹುಟ್ಟಿತು.

ಚಿತ್ರಲೇಖಾ ಪ್ರಕರಣ: ಸಂದರ್ಶನದ ಅಂಕಗಳು

ಪ್ರಮಾಣದ ಮೇಲೆ ಮಿತಿ ಬಿದ್ದೊಡನೆ ನಿರ್ಣಯದ ಅಧಿಕಾರ ಬೇರೊಂದು ಕಡೆಗೆ ಸರಿಯಿತು. 1963ರ ಜುಲೈ 6ರಂದು ಮೈಸೂರು ಸರ್ಕಾರ ತಾಂತ್ರಿಕ ಶಿಕ್ಷಣ ಇಲಾಖೆಯ ನಿರ್ದೇಶಕರಿಗೆ ಒಂದು ಪತ್ರ ಬರೆಯಿತು. ಐಚ್ಛಿಕ ವಿಷಯಗಳ ಗರಿಷ್ಠ ಅಂಕಗಳ ಶೇ. 25ರಷ್ಟನ್ನು ಸಂದರ್ಶನದ ಅಂಕಗಳಾಗಿ ನಿಗದಿಪಡಿಸಬೇಕೆಂಬುದು ಅದರ ಆಶಯ. ಸಾಮಾನ್ಯ ಜ್ಞಾನ, ಅಭಿರುಚಿ ಮತ್ತು ವ್ಯಕ್ತಿತ್ವ, ಹಿಂದಿನ ಶೈಕ್ಷಣಿಕ ಸಾಧನೆ, ಎನ್.ಸಿ.ಸಿ. ಮುಂತಾದ ಚಟುವಟಿಕೆ, ಕ್ರೀಡೆ, ಸಮಾಜಸೇವೆ, ಚರ್ಚಾಸ್ಪರ್ಧೆ, ನಾಟಕ ಇವು ಆಯ್ಕೆ ಸಮಿತಿ ಪರಿಗಣಿಸಬೇಕಾದ ಅಂಶಗಳು.

ಇದರ ಪರಿಣಾಮವನ್ನು ಒಂದು ಲೆಕ್ಕದಿಂದ ಅರಿಯಬಹುದು. ಐಚ್ಛಿಕ ವಿಷಯಗಳ ಒಟ್ಟು ಅಂಕ 300 ಎಂದಾದರೆ ಸಂದರ್ಶನಕ್ಕೆ 75 ಅಂಕ. ಲಿಖಿತ ಪರೀಕ್ಷೆಯಲ್ಲಿ 240 ಅಂಕ ಪಡೆದವನಿಗೆ ಸಂದರ್ಶನದಲ್ಲಿ 20, 205 ಅಂಕ ಪಡೆದವನಿಗೆ 60 ದೊರೆತರೆ ಎರಡನೆಯವನು ಐದು ಅಂಕಗಳಿಂದ ಮುಂದಾಗುತ್ತಾನೆ. ವರ್ಷಗಳ ಓದು ಗಳಿಸಿಕೊಟ್ಟ 35 ಅಂಕಗಳ ಅಂತರ ಕೆಲವೇ ನಿಮಿಷಗಳ ಮಾತುಕತೆಯಲ್ಲಿ ಕರಗುತ್ತದೆ. ಗ್ರಾಮಾಂತರ ಪ್ರದೇಶದಿಂದ ಬಂದ, ಸಭೆಯಲ್ಲಿ ಮಾತನಾಡಿ ಅಭ್ಯಾಸವಿಲ್ಲದ ವಿದ್ಯಾರ್ಥಿಗೆ ನಾಟಕ, ಚರ್ಚಾಸ್ಪರ್ಧೆಗಳ ಅಂಕಣ ಯಾವ ಅರ್ಥವನ್ನು ಕೊಟ್ಟೀತು ಎಂಬುದೂ ವಿಚಾರಾರ್ಹ.

ಅದೇ ತಿಂಗಳ 26ರಂದು ಹೊರಟ ಇನ್ನೊಂದು ಆದೇಶ ಹಿಂದುಳಿದಿರುವಿಕೆಯನ್ನು ಆದಾಯ ಮತ್ತು ಉದ್ಯೋಗಗಳ ಆಧಾರದಲ್ಲಿ ನಿರೂಪಿಸಿತು. ಕುಟುಂಬದ ವಾರ್ಷಿಕ ಆದಾಯ 1,200 ರೂಪಾಯಿಗಳನ್ನು ಮೀರದೆ, ಬೇಸಾಯ, ಕುಶಲಕರ್ಮ, ಸಣ್ಣ ವ್ಯಾಪಾರ, ಕೆಳದರ್ಜೆಯ ನೌಕರಿ, ದೈಹಿಕ ದುಡಿಮೆ ಇವುಗಳಲ್ಲಿ ಒಂದನ್ನು ಅವಲಂಬಿಸಿದವರಿಗೆ ಶೇ. 30ರಷ್ಟು ಸ್ಥಾನಗಳು ಮೀಸಲಾದವು. ಪರಿಶಿಷ್ಟರ ಶೇ. 18 ಸೇರಿದರೆ ಒಟ್ಟು ಶೇ. 48. ಬಾಲಾಜಿ ತೀರ್ಪಿನ ಮಿತಿಯೊಳಗೇ ಈ ವ್ಯವಸ್ಥೆ ಇದ್ದಿತು.

ಆರ್. ಚಿತ್ರಲೇಖಾ ಪ್ರಕರಣದಲ್ಲಿ ಈ ಎರಡೂ ಕ್ರಮಗಳು ಪ್ರಶ್ನೆಗೊಳಗಾದವು. 1964ರ ಜನವರಿ 29ರ ಬಹುಮತದ ತೀರ್ಪಿನಲ್ಲಿ ನ್ಯಾಯಮೂರ್ತಿ ಸುಬ್ಬರಾವ್ ಸಂದರ್ಶನ ಪದ್ಧತಿಯನ್ನು ಎತ್ತಿಹಿಡಿದರು. ವಿದ್ಯಾರ್ಥಿಯ ಸಾಮರ್ಥ್ಯವನ್ನು ಅಳೆಯುವ ವಿಧಾನಗಳ ಬಗ್ಗೆ ಶಿಕ್ಷಣ ತಜ್ಞರಲ್ಲಿಯೇ ಭಿನ್ನಾಭಿಪ್ರಾಯಗಳಿರುವಾಗ ಒಂದು ವಿಧಾನ ದುರುಪಯೋಗವಾಗಬಹುದೆಂಬ ಕಾರಣಕ್ಕೆ ಅದನ್ನು ತಳ್ಳಿಹಾಕಲಾಗದು ಎಂಬುದು ಆ ತೀರ್ಪಿನ ನಿಲುವು. ನ್ಯಾಯಮೂರ್ತಿ ಜೆ.ಆರ್. ಮುಧೋಳ್ಕರ್ ಭಿನ್ನಮತ ದಾಖಲಿಸಿದರು. ವಿಶ್ವವಿದ್ಯಾನಿಲಯದ ಪರೀಕ್ಷೆಯಿಂದ ಸಿದ್ಧವಾದ ಅರ್ಹತೆಯ ಅನುಕ್ರಮವನ್ನು ಸರ್ಕಾರ ಸಂದರ್ಶನದ ಅಂಕಗಳ ಮೂಲಕ ಕದಲಿಸುವುದು ಅವರಿಗೆ ಒಪ್ಪಿತವಾಗಲಿಲ್ಲ. ಶೈಕ್ಷಣಿಕ ಗುಣಮಟ್ಟವನ್ನು ನಿರ್ಣಯಿಸುವವರು ವಿಶ್ವವಿದ್ಯಾನಿಲಯದವರೋ ಸರ್ಕಾರದವರೋ ಎಂಬ ಪ್ರಶ್ನೆಯನ್ನು ಆ ಭಿನ್ನಮತ ಎತ್ತಿತು.

ದುರುಪಯೋಗದ ಶಂಕೆ ಕೇವಲ ಊಹೆಯಾಗಿರಲಿಲ್ಲವೆಂಬುದನ್ನು ಕಾಲ ತೋರಿಸಿತು. ಶ್ರೀನಗರದ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಿಗೆ ಸಂಬಂಧಿಸಿದ ಅಜಯ್ ಹಸಿಯಾ ಪ್ರಕರಣದಲ್ಲಿ ಲಿಖಿತ ಪರೀಕ್ಷೆಗೆ 100, ಮೌಖಿಕ ಪರೀಕ್ಷೆಗೆ 50 ಅಂಕಗಳಿದ್ದವು. ಒಬ್ಬೊಬ್ಬ ಅಭ್ಯರ್ಥಿಯ ಸಂದರ್ಶನ ಎರಡು ಮೂರು ನಿಮಿಷಗಳಲ್ಲಿ ಮುಗಿದಿತ್ತು. ಮೌಖಿಕ ಪರೀಕ್ಷೆಗೆ ಒಟ್ಟು ಅಂಕಗಳ ಶೇ. 15ಕ್ಕಿಂತ ಹೆಚ್ಚು ಮೀಸಲಿಡುವುದು ಸ್ವೇಚ್ಛಾಚಾರವಾಗುತ್ತದೆಂದು ಸರ್ವೋಚ್ಚ ನ್ಯಾಯಾಲಯ 1980ರ ನವೆಂಬರ್‌ನಲ್ಲಿ ಹೇಳಿತು. ಸಂದರ್ಶನವನ್ನು ಧ್ವನಿಮುದ್ರಿಸುವುದು ಅಪೇಕ್ಷಣೀಯವೆಂದೂ ಸೂಚಿಸಿತು. ನಿರ್ಣಯಿಸುವವನೂ ತನ್ನ ನಿರ್ಣಯಕ್ಕೆ ಸಾಕ್ಷ್ಯ ಉಳಿಸಬೇಕು ಎಂಬ ಈ ಸೂಚನೆ ಪ್ರವೇಶದ ಚರಿತ್ರೆಯಲ್ಲಿ ಒಂದು ತಿರುವು.

ಹಣದ ಪ್ರವೇಶ ಮತ್ತು ಸಾಮಾನ್ಯ ಪ್ರವೇಶ ಪರೀಕ್ಷೆ

ಸರ್ಕಾರಿ ಕಾಲೇಜುಗಳ ಆಯ್ಕೆ ಸಮಿತಿಗಳ ಮೇಲೆ ನ್ಯಾಯಾಲಯದ ಕಣ್ಣು ಬಿದ್ದಿದ್ದ ಕಾಲದಲ್ಲಿಯೇ ನಿರ್ಣಯದ ಇನ್ನೊಂದು ನೆಲೆ ಬೆಳೆದು ನಿಂತಿತ್ತು. ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಮಣಿಪಾಲದಲ್ಲಿ ಕಸ್ತೂರ್‌ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿ, ಸರ್ಕಾರದ ಹಣವಿಲ್ಲದೆಯೂ ವೈದ್ಯಕೀಯ ಶಿಕ್ಷಣ ಸಾಧ್ಯವೆಂದು ತೋರಿಸಿದರು. ಮುಂದಿನ ದಶಕಗಳಲ್ಲಿ ರಾಜ್ಯದಾದ್ಯಂತ ಖಾಸಗಿ ಕಾಲೇಜುಗಳು ಹರಡಿದವು. ಅವು ಸ್ಥಾನಗಳ ಕೊರತೆಯನ್ನು ನೀಗಿಸಿದ್ದು ನಿಜ. ಆದರೆ ಜನರ ಮಾತಿನಲ್ಲಿ ಡೊನೇಷನ್ ಎನಿಸಿಕೊಂಡ ಕ್ಯಾಪಿಟೇಷನ್ ಶುಲ್ಕದ ಮೂಲಕ ತಂದೆಯ ಹಣವೇ ಮಗನ ಅರ್ಹತೆಯಾಗುವ ಸ್ಥಿತಿಯೂ ಬಂದಿತು.

ಕರ್ನಾಟಕ ವಿಧಾನಮಂಡಲ 1984ರಲ್ಲಿ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯಿದೆಯನ್ನು ಅಂಗೀಕರಿಸಿತು. ಅದರ ಅಡಿಯಲ್ಲಿ 1989ರ ಜೂನ್ 5ರಂದು ಹೊರಟ ಅಧಿಸೂಚನೆ ಖಾಸಗಿ ವೈದ್ಯಕೀಯ ಕಾಲೇಜುಗಳ ವಾರ್ಷಿಕ ಶುಲ್ಕವನ್ನು ಸರ್ಕಾರಿ ಸ್ಥಾನಗಳಿಗೆ 2,000, ಕರ್ನಾಟಕದ ಇತರ ವಿದ್ಯಾರ್ಥಿಗಳಿಗೆ 25,000, ಹೊರ ರಾಜ್ಯದವರಿಗೆ 60,000 ರೂಪಾಯಿಗಳಿಗಿಂತ ಹೆಚ್ಚಿರಕೂಡದೆಂದು ಗೊತ್ತುಮಾಡಿತು. ಒಂದೇ ತರಗತಿಯಲ್ಲಿ, ಒಂದೇ ಬೆಂಚಿನಲ್ಲಿ ಕುಳಿತ ಮೂವರಿಗೆ ಮೂರು ಬೆಲೆ. ಉತ್ತರ ಪ್ರದೇಶದ ವಿದ್ಯಾರ್ಥಿನಿಯೊಬ್ಬರ ಅರ್ಜಿಯ ಮೇಲೆ 1992ರ ಜುಲೈ 30ರಂದು ಹೊರಬಂದ ಮೋಹಿನಿ ಜೈನ್ ತೀರ್ಪು ಈ ವ್ಯವಸ್ಥೆ ಹೆಸರು ಬದಲಿಸಿದ ಕ್ಯಾಪಿಟೇಷನ್ ಶುಲ್ಕವೇ ಎಂದು ಘೋಷಿಸಿತು. 1993ರ ಫೆಬ್ರವರಿ 4ರ ಉನ್ನಿಕೃಷ್ಣನ್ ತೀರ್ಪು ಆ ನಿಲುವನ್ನು ಮಾರ್ಪಡಿಸಿ, ಖಾಸಗಿ ವೃತ್ತಿ ಕಾಲೇಜುಗಳ ಅರ್ಧದಷ್ಟು ಸ್ಥಾನಗಳನ್ನು ಉಚಿತ ಸ್ಥಾನಗಳೆಂದೂ ಉಳಿದರ್ಧವನ್ನು ಪಾವತಿ ಸ್ಥಾನಗಳೆಂದೂ ವಿಂಗಡಿಸಿತು. ಎರಡಕ್ಕೂ ಅರ್ಹತೆಯ ಅನುಕ್ರಮವೇ ಆಧಾರವೆಂದಿತು.

ಕರ್ನಾಟಕದ ಸಾಮಾನ್ಯ ಪ್ರವೇಶ ಪರೀಕ್ಷೆ, ಅಂದರೆ ಸಿಇಟಿ, 1994ರಲ್ಲಿ ಆರಂಭವಾದದ್ದು ಈ ಹಿನ್ನೆಲೆಯಲ್ಲಿ. ಅದನ್ನು ನಡೆಸುತ್ತಿದ್ದ ಘಟಕವೇ ಮುಂದೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರವಾಯಿತು. ಪರೀಕ್ಷೆಗಿಂತಲೂ ಮಹತ್ತ್ವದ್ದು ಅದರ ಜೊತೆಗೆ ಬಂದ ಸೀಟು ಹಂಚಿಕೆಯ ಕ್ರಮ. ಶ್ರೇಯಾಂಕದ ಅನುಕ್ರಮದಲ್ಲಿ ಅಭ್ಯರ್ಥಿಯೇ ತನಗೆ ಬೇಕಾದ ಕಾಲೇಜನ್ನೂ ವಿಷಯವನ್ನೂ ಆರಿಸಿಕೊಳ್ಳುವ ಈ ವ್ಯವಸ್ಥೆಯಲ್ಲಿ ಯಾವ ಸ್ಥಾನ ಖಾಲಿಯಿದೆ, ತನಗಿಂತ ಮೊದಲು ಯಾವ ಶ್ರೇಯಾಂಕದವರು ಏನನ್ನು ಪಡೆದರು ಎಂಬುದು ಬಹಿರಂಗವಾಯಿತು. ಆಯ್ಕೆ ಸಮಿತಿಯ ಎದುರು ಕೈಕಟ್ಟಿ ನಿಂತಿದ್ದ ವಿದ್ಯಾರ್ಥಿ ಇಲ್ಲಿ ಆಯ್ಕೆ ಮಾಡುವವನಾದ. ಶಿಫಾರಸು ಪತ್ರಕ್ಕೆ ಬೆಲೆಯಿಲ್ಲದಂತಾದದ್ದು ಈ ವ್ಯವಸ್ಥೆಯ ದೊಡ್ಡ ಸಾಧನೆ.

ಆದರೂ ವಿವಾದ ಮುಗಿಯಲಿಲ್ಲ. 2002ರ ಅಕ್ಟೋಬರ್ 31ರಂದು ಹನ್ನೊಂದು ನ್ಯಾಯಮೂರ್ತಿಗಳ ಪೀಠ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಉನ್ನಿಕೃಷ್ಣನ್ ಯೋಜನೆಯನ್ನು ಕೈಬಿಟ್ಟು ಖಾಸಗಿ ಸಂಸ್ಥೆಗಳ ಸ್ವಾಯತ್ತತೆಯನ್ನು ಮಾನ್ಯ ಮಾಡಿತು. ಅದರ ವ್ಯಾಖ್ಯಾನಕ್ಕಾಗಿ 2003ರ ಇಸ್ಲಾಮಿಕ್ ಅಕಾಡೆಮಿ, 2005ರ ಇನಾಂದಾರ್ ತೀರ್ಪುಗಳು ಬಂದವು. ಸರ್ಕಾರದ ಪಾಲಿನ ಸ್ಥಾನಗಳಿಗೆ ಸಿಇಟಿ, ಖಾಸಗಿ ಕಾಲೇಜುಗಳ ಪಾಲಿಗೆ ಅವುಗಳ ಒಕ್ಕೂಟವಾದ ಕಾಮೆಡ್‌ಕೆ ನಡೆಸುವ ಪರೀಕ್ಷೆ, ಇವುಗಳ ಹೊರಗೆ ಆಡಳಿತ ಮಂಡಳಿಯ ಸ್ಥಾನಗಳು ಎಂಬ ಪದರಗಳು ಉಂಟಾದವು. ಒಂದೇ ಕಾಲೇಜಿಗೆ ಹಲವು ಬಾಗಿಲುಗಳಾದವು. ಪ್ರತಿ ಬಾಗಿಲಿಗೂ ಬೇರೆ ಬೇರೆ ಕಾವಲು.

ಸ್ನಾತಕೋತ್ತರ ಹಂತ: ಹುಟ್ಟಿದ ನೆಲವೋ ಓದಿದ ಸಂಸ್ಥೆಯೋ

ಸ್ನಾತಕೋತ್ತರ ವೈದ್ಯಕೀಯ ಶಿಕ್ಷಣದಲ್ಲಿ ಪ್ರಶ್ನೆ ಇನ್ನಷ್ಟು ತೀಕ್ಷ್ಣವಾಗುತ್ತದೆ. ಎಂ.ಬಿ.ಬಿ.ಎಸ್. ಮುಗಿಸಿದವರೆಲ್ಲರೂ ಅರ್ಹರೇ, ಆದರೆ ಎಂ.ಡಿ., ಎಂ.ಎಸ್. ಸ್ಥಾನಗಳು ಅವರ ಸಂಖ್ಯೆಗಿಂತ ಬಹಳ ಕಡಿಮೆ. ತಜ್ಞ ವೈದ್ಯರನ್ನು ರೂಪಿಸಲು ಹಣ ವ್ಯಯಿಸುವ ರಾಜ್ಯ, ಅವರು ತನ್ನಲ್ಲಿಯೇ ಉಳಿಯಲೆಂದು ಬಯಸುವುದು ಸಹಜ. ಸ್ನಾತಕೋತ್ತರ ಸ್ಥಾನಗಳಲ್ಲಿ ಸ್ಥಳೀಯರಿಗೆ ಆದ್ಯತೆ ನೀಡುವ ನಿಯಮಗಳ ಹಿಂದಿದ್ದುದು ಈ ಆಶಯ.

1980ರ ಜಗದೀಶ್ ಸರನ್ ಪ್ರಕರಣದಲ್ಲಿ ದೆಹಲಿ ವಿಶ್ವವಿದ್ಯಾನಿಲಯ ತನ್ನ ಪದವೀಧರರಿಗೆ ಶೇ. 70ರಷ್ಟು ಸ್ನಾತಕೋತ್ತರ ಸ್ಥಾನಗಳನ್ನು ಕಾಯ್ದಿರಿಸಿದ್ದು ವಿಮರ್ಶೆಗೊಳಗಾಯಿತು. ಶಿಕ್ಷಣದ ಹಂತ ಮೇಲೇರಿದಂತೆ ಅರ್ಹತೆಯ ಸಡಿಲಿಕೆಗೆ ಅವಕಾಶ ಕಡಿಮೆಯಾಗಬೇಕೆಂಬ ವಿಚಾರವನ್ನು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಮುಂದಿಟ್ಟರು. 1984ರ ಜೂನ್ 22ರ ಪ್ರದೀಪ್ ಜೈನ್ ತೀರ್ಪು ಅದನ್ನು ನಿಯಮವಾಗಿ ರೂಪಿಸಿತು. ಸ್ನಾತಕೋತ್ತರ ಹಂತದಲ್ಲಿ ವಾಸಸ್ಥಳದ ಆಧಾರದ ಮೀಸಲಾತಿ ಸಲ್ಲದು. ಅದೇ ಸಂಸ್ಥೆಯಲ್ಲಿ ಪದವಿ ಪಡೆದವರಿಗೆ ಮಿತವಾದ ಪ್ರಮಾಣದಲ್ಲಿ ಆದ್ಯತೆ ನೀಡಬಹುದು ಎಂಬುದು ಅದರ ತಿರುಳು. ಮುಂದಿನ ಆದೇಶಗಳಿಂದ ಸ್ನಾತಕೋತ್ತರ ಸ್ಥಾನಗಳ ಶೇ. 25 ಅಖಿಲ ಭಾರತ ಪಾಲಾಯಿತು. 2003ರ ಸೌರಭ್ ಚೌಧರಿ ತೀರ್ಪಿನ ತರುವಾಯ ಆ ಪಾಲು ಶೇ. 50ಕ್ಕೆ ಏರಿತು.

ಕನಿಷ್ಠ ಅಂಕಗಳ ಪ್ರಶ್ನೆ 1999ರ ಪ್ರೀತಿ ಶ್ರೀವಾಸ್ತವ ಪ್ರಕರಣದಲ್ಲಿ ಎದುರಾಯಿತು. ಉತ್ತರ ಪ್ರದೇಶದಲ್ಲಿ ಸಾಮಾನ್ಯ ವರ್ಗದವರಿಗೆ ಶೇ. 45, ಮೀಸಲು ವರ್ಗದವರಿಗೆ ಶೇ. 20 ಎಂದು ನಿಗದಿಯಾಗಿದ್ದ ಅಂತರ ಅತಿಯಾಯಿತೆಂದು ನ್ಯಾಯಾಲಯ ಹೇಳಿತು. ಸ್ನಾತಕೋತ್ತರ ಶಿಕ್ಷಣದ ಗುಣಮಟ್ಟವನ್ನು ನಿಗದಿಪಡಿಸುವುದು ಭಾರತೀಯ ವೈದ್ಯಕೀಯ ಪರಿಷತ್ತಿನ ಹೊಣೆಯೆಂದು ಸ್ಪಷ್ಟಪಡಿಸಿತು. ಚಿತ್ರಲೇಖಾ ಪ್ರಕರಣದ ಭಿನ್ನಮತ ಎತ್ತಿದ್ದ ಪ್ರಶ್ನೆಗೆ ಇಲ್ಲಿ ಉತ್ತರ ದೊರೆಯಿತು. ಆದರೆ ಆ ಅಧಿಕಾರ ವಿಶ್ವವಿದ್ಯಾನಿಲಯಕ್ಕೆ ಮರಳಲಿಲ್ಲ, ಕೇಂದ್ರದ ನಿಯಂತ್ರಣ ಸಂಸ್ಥೆಗೆ ಹೋಯಿತು.

ಪ್ರದೀಪ್ ಜೈನ್ ತೀರ್ಪಿನ ನಿಯಮವನ್ನು ಕರ್ನಾಟಕ ಎರಡು ಬಾರಿ ಪರೀಕ್ಷೆಗೊಡ್ಡಿತು. 2014ರ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯ ಮಾಹಿತಿ ಪುಸ್ತಕ ಕರ್ನಾಟಕ ಮೂಲದವರಿಗೆ ಮಾತ್ರ ಅವಕಾಶವೆಂದು ಹೇಳಿತ್ತು. ಇಲ್ಲಿನ ಕಾಲೇಜುಗಳಲ್ಲಿಯೇ ಐದೂವರೆ ವರ್ಷ ಕಲಿತು ವೈದ್ಯರಾದ ಹೊರ ರಾಜ್ಯದವರು ಇದರಿಂದ ಹೊರಗುಳಿಯುತ್ತಿದ್ದರು. ವಿಶಾಲ್ ಗೋಯಲ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಷರತ್ತನ್ನು ರದ್ದುಪಡಿಸಿತು. 2018ರಲ್ಲಿ ಅಂಥದೇ ಷರತ್ತು ಮತ್ತೆ ಕಾಣಿಸಿಕೊಂಡಾಗ ಕೃತಿ ಲಖಿನಾ ಪ್ರಕರಣದಲ್ಲಿ ಅದೇ ಫಲಿತಾಂಶ ಬಂದಿತು. 2025ರ ಜನವರಿ 29ರಂದು ಚಂಡೀಗಢಕ್ಕೆ ಸಂಬಂಧಿಸಿದ ತನ್ವಿ ಬೆಹ್ಲ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಸ್ನಾತಕೋತ್ತರ ವೈದ್ಯಕೀಯ ಸ್ಥಾನಗಳಲ್ಲಿ ವಾಸಸ್ಥಳ ಆಧಾರದ ಮೀಸಲಾತಿ ಸಂವಿಧಾನಬಾಹಿರವೆಂದು ಪುನರುಚ್ಚರಿಸಿತು. ಗಮನಿಸಬೇಕಾದ ಸಂಗತಿಯೆಂದರೆ, ಕರ್ನಾಟಕದ ಎರಡೂ ಪ್ರಕರಣಗಳಲ್ಲಿ ಸೋತ ನಿಯಮ ಶಾಸನದಲ್ಲಿರಲಿಲ್ಲ, ಮಾಹಿತಿ ಪುಸ್ತಕದ ಒಂದು ಕಂಡಿಕೆಯಲ್ಲಿತ್ತು. ನಿರ್ಣಯದ ಅಧಿಕಾರ ಎಷ್ಟು ಸಣ್ಣ ಜಾಗದಲ್ಲಿಯೂ ನೆಲೆಸಬಲ್ಲುದು ಎಂಬುದಕ್ಕೆ ಇದು ನಿದರ್ಶನ.

ಸೂತ್ರದೊಳಗಿನ ವಿವೇಚನೆ

ದೇಶಕ್ಕೆಲ್ಲ ಒಂದೇ ಪರೀಕ್ಷೆ ಎಂಬ ಆದರ್ಶ 2013ರಲ್ಲಿ ನೀಟ್ ಎಂಬ ಹೆಸರಿನಿಂದ ಕಾರ್ಯರೂಪಕ್ಕೆ ಬಂದು, ಅದೇ ವರ್ಷದ ಜುಲೈ 18ರ ತೀರ್ಪಿನಿಂದ ಸ್ಥಗಿತಗೊಂಡಿತು. 2016ರ ಏಪ್ರಿಲ್ 11ರಂದು ಆ ತೀರ್ಪು ಹಿಂತೆಗೆಯಲ್ಪಟ್ಟು, ಶಾಸನ ತಿದ್ದುಪಡಿಯ ಬಲದೊಡನೆ ಪರೀಕ್ಷೆ ಮರಳಿ ನೆಲೆಯೂರಿತು. ಖಾಸಗಿ ಆಡಳಿತ ಮಂಡಳಿಗಳ ಪ್ರತ್ಯೇಕ ವೈದ್ಯಕೀಯ ಪ್ರವೇಶ ಪರೀಕ್ಷೆಗಳ ಕಾಲ ಅಲ್ಲಿಗೆ ಕೊನೆಗೊಂಡಿತು.

ಒಂದೇ ಪರೀಕ್ಷೆ ಬಂದ ಮೇಲೆ ವಿವೇಚನೆಗೆ ಎಡೆಯಿಲ್ಲವೆಂದು ಭಾವಿಸುವುದು ಸರಿಯಲ್ಲ. ಎಷ್ಟು ಅಂಕ ಪಡೆದವರು ಅರ್ಹರು ಎಂಬುದನ್ನು ಯಾರಾದರೂ ಗೊತ್ತುಮಾಡಲೇಬೇಕು. 2023ರ ಸೆಪ್ಟೆಂಬರ್‌ನಲ್ಲಿ ಸ್ನಾತಕೋತ್ತರ ನೀಟ್‌ನ ಅರ್ಹತಾ ಪರ್ಸೆಂಟೈಲನ್ನು ಎಲ್ಲ ವರ್ಗಗಳಿಗೂ ಸೊನ್ನೆಗೆ ಇಳಿಸಲಾಯಿತು. ಪರೀಕ್ಷೆ ಬರೆದವರೆಲ್ಲರೂ ಸೀಟು ಹಂಚಿಕೆಯಲ್ಲಿ ಭಾಗವಹಿಸಬಹುದಾಯಿತು. ಖಾಲಿ ಉಳಿದ ಸ್ಥಾನಗಳನ್ನು ತುಂಬಬೇಕೆಂಬುದು ಇದರ ಉದ್ದೇಶ. 1999ರಲ್ಲಿ ಶೇ. 20ರ ಕನಿಷ್ಠ ಮಿತಿ ಗುಣಮಟ್ಟಕ್ಕೆ ಧಕ್ಕೆಯೆನಿಸಿತ್ತು ಎಂಬುದನ್ನು ಇದರೊಡನೆ ಹೋಲಿಸಿದರೆ, ಅರ್ಹತೆ ಎಂಬ ಪದದ ಅರ್ಥ ಸ್ಥಾನಗಳ ಲಭ್ಯತೆಗೆ ಅನುಗುಣವಾಗಿ ಹಿಗ್ಗುವುದೂ ಕುಗ್ಗುವುದೂ ಉಂಟೆಂಬುದು ತಿಳಿಯುತ್ತದೆ. ಸ್ನಾತಕೋತ್ತರ ನೀಟ್‌ನ ಅಖಿಲ ಭಾರತ ಪಾಲಿನ ಮೀಸಲಾತಿಯನ್ನು ಎತ್ತಿಹಿಡಿದ 2022ರ ನೀಲ್ ಔರೇಲಿಯೊ ನ್ಯೂನ್ಸ್ ತೀರ್ಪು ಇದೇ ಪದವನ್ನು ಇನ್ನೊಂದು ದಿಕ್ಕಿನಿಂದ ವಿಮರ್ಶಿಸಿತು. ಸ್ಪರ್ಧಾ ಪರೀಕ್ಷೆಯ ಅಂಕವೊಂದರಿಂದಲೇ ಪ್ರತಿಭೆಯನ್ನು ಅಳೆಯಲಾಗದು. ಆ ಅಂಕದ ಹಿಂದೆ ಕುಟುಂಬದ ಪರಿಸರ, ಶಾಲೆಯ ಗುಣಮಟ್ಟ, ತರಬೇತಿಯ ಅನುಕೂಲ ಇವೆಲ್ಲವೂ ಅಡಗಿರುತ್ತವೆ ಎಂಬುದು ಆ ತೀರ್ಪಿನ ಆಶಯ.

ಸೂತ್ರವೇ ವಿವಾದವಾದ ಇನ್ನೊಂದು ಪ್ರಸಂಗ ಸಿಇಟಿಗೆ ಸಂಬಂಧಿಸಿದೆ. ಎಂಜಿನಿಯರಿಂಗ್ ಶ್ರೇಯಾಂಕಕ್ಕೆ ಪದವಿಪೂರ್ವ ಪರೀಕ್ಷೆಯ ಅಂಕಗಳಿಗೂ ಸಿಇಟಿ ಅಂಕಗಳಿಗೂ ಸಮಾನ ತೂಕ ನೀಡುವ ಕ್ರಮ ರೂಢಿಯಲ್ಲಿತ್ತು. ಕೋವಿಡ್ ಕಾರಣದಿಂದ 2021ರಲ್ಲಿ ಪದವಿಪೂರ್ವ ಪರೀಕ್ಷೆ ನಡೆಯಲಿಲ್ಲ. ಅಂಕಗಳನ್ನು ಬೇರೆ ವಿಧಾನದಿಂದ ನೀಡಲಾಯಿತು. ಆ ತಂಡದವರು 2022ರಲ್ಲಿ ಮತ್ತೆ ಸಿಇಟಿ ಬರೆದಾಗ ಅವರ ಪದವಿಪೂರ್ವ ಅಂಕಗಳನ್ನು ಪ್ರಾಧಿಕಾರ ಪರಿಗಣಿಸಲಿಲ್ಲ. ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠ ಆ ಕ್ರಮವನ್ನು ಒಪ್ಪಲಿಲ್ಲ. ಕೊನೆಗೆ ಅವರ ಪದವಿಪೂರ್ವ ಅಂಕಗಳನ್ನು ಸ್ವಲ್ಪ ಕಡಿತಗೊಳಿಸಿ ಪರಿಗಣಿಸುವ ಹೊಸ ಸೂತ್ರವನ್ನು ವಿಭಾಗೀಯ ಪೀಠ ಅಂಗೀಕರಿಸಿತು. ಇಲ್ಲಿ ಯಾವ ಸಮಿತಿಯೂ ಅಭ್ಯರ್ಥಿಯ ಮುಖ ನೋಡಿರಲಿಲ್ಲ. ಆದರೂ ಸೂತ್ರದ ಒಂದು ಪದ ಬದಲಾದೊಡನೆ ಸಾವಿರಾರು ಶ್ರೇಯಾಂಕಗಳು ಸ್ಥಾನಪಲ್ಲಟಗೊಂಡವು.

ಸಂಶೋಧನಾ ಪ್ರವೇಶ ಮತ್ತು ಸಂದರ್ಶನದ ಪುನರಾಗಮನ

ಸಂಶೋಧನಾ ಪದವಿಯ ಹಂತದಲ್ಲಿ ಅಂಕಗಳ ಆಧಾರ ಸಾಲದೆಂಬ ವಾದಕ್ಕೆ ತೂಕವಿದೆ. ವಿಷಯದ ಆಯ್ಕೆ, ಮಾರ್ಗದರ್ಶಕರ ಲಭ್ಯತೆ, ಸ್ವತಂತ್ರವಾಗಿ ಆಲೋಚಿಸುವ ಶಕ್ತಿ ಇವು ಆಯ್ಕೆಯ ಉತ್ತರಗಳಿಗೆ ಗುರುತು ಹಾಕುವ ಪರೀಕ್ಷೆಯಲ್ಲಿ ಗೋಚರವಾಗುವುದಿಲ್ಲ. ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2016ರ ನಿಯಮಗಳು ಲಿಖಿತ ಪರೀಕ್ಷೆಯನ್ನು ಅರ್ಹತೆಗೆ ಮಾತ್ರ ಸೀಮಿತಗೊಳಿಸಿ, ಅಂತಿಮ ಆಯ್ಕೆಯನ್ನು ಸಂದರ್ಶನಕ್ಕೆ ಬಿಟ್ಟವು. ದೆಹಲಿಯ ಜವಾಹರಲಾಲ್ ನೆಹರು ವಿಶ್ವವಿದ್ಯಾನಿಲಯದಲ್ಲಿ 2017ರಲ್ಲಿ ಇದು ಜಾರಿಗೆ ಬಂದಾಗ ತೀವ್ರ ಪ್ರತಿಭಟನೆ ಎದುರಾಯಿತು. ಹಿಂದುಳಿದ ಹಿನ್ನೆಲೆಯ ಅಭ್ಯರ್ಥಿಗಳಿಗೆ ಮೌಖಿಕ ಪರೀಕ್ಷೆಯಲ್ಲಿ ಅನ್ಯಾಯವಾಗುತ್ತದೆಂಬುದು ಪ್ರಮುಖ ಆಕ್ಷೇಪ. 2018ರ ತಿದ್ದುಪಡಿ ಲಿಖಿತ ಪರೀಕ್ಷೆಗೆ ಶೇ. 70, ಸಂದರ್ಶನಕ್ಕೆ ಶೇ. 30ರ ತೂಕ ನೀಡಿತು. 2022ರ ನಿಯಮಗಳೂ ಅದನ್ನೇ ಅನುಸರಿಸಿದವು.

ಈ ಶೇ. 30, 1963ರಲ್ಲಿ ಮೈಸೂರು ಸರ್ಕಾರ ಸಂದರ್ಶನಕ್ಕೆ ಸೇರಿಸಿದ ಪಾಲಿಗಿಂತ ಹೆಚ್ಚು. ಅಜಯ್ ಹಸಿಯಾ ತೀರ್ಪು ಪದವಿ ಪ್ರವೇಶಕ್ಕೆ ಹೇಳಿದ ಶೇ. 15ರ ಎರಡರಷ್ಟು. ಹಂತ ಬೇರೆಯಾದುದರಿಂದ ಮಾನದಂಡವೂ ಬೇರೆಯಾಗಬಹುದು. ಆದರೆ ಆ ತೀರ್ಪಿನ ಜೊತೆಯಲ್ಲಿದ್ದ ಇನ್ನೊಂದು ಸೂಚನೆ, ಸಂದರ್ಶನಕ್ಕೆ ದಾಖಲೆಯಿರಬೇಕೆಂಬುದು, ಹಂತ ಬದಲಾದರೂ ಅನ್ವಯಿಸತಕ್ಕದ್ದೇ.

ಉಪಸಂಹಾರ

ಆರು ದಶಕಗಳಿಗೂ ಹೆಚ್ಚಿನ ಈ ಚರಿತ್ರೆಯಿಂದ ಕೆಲವು ತೀರ್ಮಾನಗಳಿಗೆ ಬರಬಹುದು. ಪ್ರವೇಶ ನಿರ್ಣಯವನ್ನು ಸಂಪೂರ್ಣವಾಗಿ ಯಾಂತ್ರಿಕಗೊಳಿಸುವ ಯಾವ ಪ್ರಯತ್ನವೂ ಸಫಲವಾಗಿಲ್ಲ. ಅಂಕಗಳಿಗೆ ತೂಕ ಗೊತ್ತುಮಾಡುವುದು, ಕನಿಷ್ಠ ಮಿತಿ ಎಳೆಯುವುದು, ಸ್ಥಳೀಯರು ಯಾರೆಂದು ವ್ಯಾಖ್ಯಾನಿಸುವುದು ಇವೆಲ್ಲ ಮನುಷ್ಯರ ತೀರ್ಮಾನಗಳೇ. ಎರಡನೆಯದಾಗಿ, ಸಂದರ್ಶನ ಸಮಿತಿಯ ಪಕ್ಷಪಾತ ಒಬ್ಬಿಬ್ಬರನ್ನು ಬಾಧಿಸಿದರೆ ಸೂತ್ರದ ದೋಷ ಒಂದು ಇಡೀ ತಂಡವನ್ನು ಬಾಧಿಸುತ್ತದೆ. ಆದರೆ ಸೂತ್ರ ಬರಹದಲ್ಲಿರುತ್ತದೆ; ಅದನ್ನು ಪ್ರಶ್ನಿಸಬಹುದು, ತಿದ್ದಬಹುದು. ಮೂರು ನಿಮಿಷಗಳ ಸಂದರ್ಶನವನ್ನು ಪ್ರಶ್ನಿಸಲು ಅಭ್ಯರ್ಥಿಯ ಬಳಿ ಯಾವ ಸಾಕ್ಷ್ಯವೂ ಇರುವುದಿಲ್ಲ. ಸಿಇಟಿಯ ನಿಜವಾದ ಕೊಡುಗೆ ಅದು ಪ್ರತಿಭೆಯನ್ನು ನಿಖರವಾಗಿ ಅಳೆಯಿತೆಂಬುದಲ್ಲ. ತನಗೇಕೆ ಸ್ಥಾನ ದೊರೆಯಲಿಲ್ಲವೆಂಬುದನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ತಾನೇ ಪರಿಶೀಲಿಸಿ ತಿಳಿಯುವಂತೆ ಮಾಡಿತೆಂಬುದು.

ಮೂರನೆಯದಾಗಿ, ಮೇಲೆ ವಿವರಿಸಿದ ಪ್ರಕರಣಗಳೆಲ್ಲವೂ ನ್ಯಾಯಾಲಯಕ್ಕೆ ಹೋಗಬಲ್ಲವರ ಪ್ರಕರಣಗಳು. ಸ್ಥಾನ ಸಿಗದೆ ಊರಿಗೆ ಮರಳಿ ಬೇರೆ ದಾರಿ ಹಿಡಿದವರ ಹೆಸರುಗಳು ಕಾನೂನು ವರದಿಗಳಲ್ಲಿ ಇಲ್ಲ. ಅವರ ಪಾಲಿಗೆ ನಿರಾಕರಣೆಯ ಕಾರಣವನ್ನು ಉಳಿಸಬಲ್ಲವು ವಿಶ್ವವಿದ್ಯಾನಿಲಯಗಳ ಹಾಗೂ ಆಯ್ಕೆ ಸಮಿತಿಗಳ ಕಡತಗಳು ಮಾತ್ರ. ಅರ್ಜಿಗಳ ವಹಿ, ಸಂದರ್ಶನದ ಅಂಕಪಟ್ಟಿ, ಸಮಿತಿಯ ನಡವಳಿ, ಸ್ಥಾನ ಹಂಚಿಕೆಯ ಪಟ್ಟಿ ಇವುಗಳನ್ನು ಪದವಿ ಪ್ರಮಾಣಪತ್ರಗಳ ದಾಖಲೆಯಷ್ಟೇ ಜೋಪಾನವಾಗಿ ಕಾಪಾಡುವುದು ಅವಶ್ಯಕ. ಒಳಗೆ ಬಂದವರ ಹೆಸರುಗಳು ಘಟಿಕೋತ್ಸವದ ಪಟ್ಟಿಗಳಲ್ಲಿ ಹೇಗೂ ಉಳಿಯುತ್ತವೆ. ಹೊರಗುಳಿದವರ ಮಟ್ಟಿಗೆ ಸಂಸ್ಥೆ ನ್ಯಾಯವಾಗಿ ನಡೆದುಕೊಂಡಿತೇ ಎಂಬುದನ್ನು ಮುಂದಿನ ಸಂಶೋಧಕರು ಆ ಕಡತಗಳಿಂದಲೇ ನಿರ್ಣಯಿಸಬೇಕಾಗುತ್ತದೆ.